ಸ್ಕೀಯಿಂಗ್‌ಗೆ ಬರುವವರೆಲ್ಲ ದಯವಿಟ್ಟು ಓದಿ

ಎಲ್ಲರಿಗೂ ನಮಸ್ಕಾರ. ನಾವು ಹೋಗುತ್ತಿರುವುದು ಚಿಕ್ಕ ರೆಸಾರ್ಟ್. ಹಾಗಂತ ಅಲ್ಲಿನ ಇಳಿಜಾರುಗಳೆಲ್ಲ ಸುಲಭ ಅಂದುಕೊಳ್ಳಬೇಡಿ. ಇಳಿಜಾರು ಎಷ್ಟು ಕಷ್ಟ ಅಂತ ಬಣ್ಣದ ಗುರುತಿನಿಂದ ದರ್ಜೆ ಕೊಡುವುದು ಆಯಾ ಬೆಟ್ಟದ ಇಳಿಜಾರುಗಳನ್ನೇ ಒಂದಕ್ಕೊಂದು ಹೋಲಿಸಿ. ಒಂದು ಕಡೆಯ ನೀಲಿ ಗುರುತಿನ ಇಳಿಜಾರು ಇನ್ನೊಂದು ಕಡೆಯ ಕಪ್ಪು ಗುರುತಿನದರಷ್ಟು ಕಡಿದಾಗಿರಬಹುದು.

ಗುರುತುಗಳೂ ಎಲ್ಲ ಕಡೆ ಒಂದೇ ಅಲ್ಲ. ಉತ್ತರ ಅಮೆರಿಕದಲ್ಲಿ ಹಸಿರು ವೃತ್ತ ಸುಲಭ, ನೀಲಿ ಚೌಕ ಮಧ್ಯಮ, ಕಪ್ಪು ವಜ್ರ ಕಷ್ಟ. ಯುರೋಪಿನಲ್ಲಿ ನೀಲಿ ಸುಲಭ, ಕೆಂಪು ಮಧ್ಯಮ.

ಮೊದಲ ಸಲ ಬರುವವರು ಜನರನ್ನು ಮೇಲಕ್ಕೆ ಒಯ್ಯುವ ಕನ್ವೇಯರ್ ಬೆಲ್ಟ್ ಇರುವ ಕಲಿಕೆಯ ಜಾಗದಲ್ಲೇ ಶುರು ಮಾಡಿ. ಸ್ಕೀಗಳ (ಬೂಟಿಗೆ ಸಿಕ್ಕಿಸುವ ಉದ್ದ ಪಟ್ಟಿಗಳ) ಮುಂದಿನ ತುದಿ ಹತ್ತಿರ, ಹಿಂದಿನ ತುದಿ ದೂರ ಇಟ್ಟರೆ ವೇಗ ತಗ್ಗುತ್ತದೆ. ಹೆದರಿಕೆಯಾದಾಗ ಮೈ ಹಿಂದಕ್ಕೆ ವಾಲುತ್ತದೆ, ಅಲ್ವಾ? ಅದೇ ತೊಂದರೆ. ಭಾರ ಹಿಂದೆ ಹೋದರೆ ಸ್ಕೀ ನಮ್ಮ ಮಾತು ಕೇಳುವುದಿಲ್ಲ. ಮೊಣಕಾಲು ಸ್ವಲ್ಪ ಮಡಚಿ, ಮೊಣಕಾಲಿನ ಕೆಳಗಿನ ಮೂಳೆಯ ಭಾಗ ಬೂಟಿನ ಮುಂಭಾಗಕ್ಕೆ ಒತ್ತಿಕೊಂಡಿರಲಿ. ಬೇಕೆಂದ ಕಡೆ ನಿಲ್ಲಲು, ಎರಡೂ ಬದಿಗೆ ತಿರುಗಲು ಬಂದ ಮೇಲೆ ಹಸಿರಿಗೆ ಹೋಗಿ.

ಸ್ನೇಹಿತರು ಕರೆದರು ಅಂತ ಸುಮ್ನೆ ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟ್ ಹತ್ತಬೇಡಿ. ಮೇಲಿಂದ ಸುಲಭದ ದಾರಿ ಇದೆಯಾ ಅಂತ ನಕ್ಷೆಯಲ್ಲಿ ಮೊದಲು ನೋಡಿ. ಚಿಕ್ಕ ಬೆಟ್ಟದಲ್ಲಿ ಕೆಲವು ಲಿಫ್ಟ್‌ಗಳ ತುದಿಯಿಂದ ಕಷ್ಟದ ದಾರಿ ಮಾತ್ರ ಇರಬಹುದು.

ಅನುಭವಿಗಳೇ, ಕೆಳಗಿರುವವರಿಗೆ ದಾರಿ ಬಿಡುವ ಹೊಣೆ ನಿಮ್ಮದು. ಕಲಿಯುವವರ ಪಕ್ಕದಲ್ಲಿ ಜೋರಾಗಿ ಹೋಗಬೇಡಿ. ರಾತ್ರಿ ಹೆಪ್ಪುಗಟ್ಟಿದ ಹಿಮ ಬೆಳಿಗ್ಗೆ ಗಟ್ಟಿಯಾಗಿ, ಜಾರುವಂತಿರುತ್ತದೆ, ಆಗ ನೀಲಿಯೂ ಜಾಸ್ತಿ ಕಷ್ಟ.

ತರಬೇತಿ ಬೇಕಾದವರು ಇಲ್ಲೇ ಹೆಸರು ಹಾಕಿ, ಒಟ್ಟಿಗೆ ಬುಕ್ ಮಾಡೋಣ.