ವಯಸ್ಸಿನ ದಾಖಲೆಯಲ್ಲೇ ಎಡವದಿರಲಿ

ಮಾನ್ಯರೇ,

ಕೊಲೆ ಪ್ರಕರಣದಲ್ಲಿ ಹದಿನೇಳರ ಹುಡುಗರು ಸಿಕ್ಕಿಬಿದ್ದರೆ ‘ಗಲ್ಲಿಗೇರಿಸಿ’ ಎಂಬ ಕೂಗೇಳುತ್ತದೆ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಅದಕ್ಕೆ ಅವಕಾಶವಿಲ್ಲ. ಹಾಗೆಂದು ಸುಮ್ಮನೆ ಬಿಡುವುದೂ ಇಲ್ಲ. 16 ತುಂಬಿದವರ ಮಾನಸಿಕ ಸಾಮರ್ಥ್ಯವನ್ನು ಬಾಲನ್ಯಾಯ ಮಂಡಳಿ ಮೂರು ತಿಂಗಳೊಳಗೆ ಪರಿಶೀಲಿಸಿ, ಅವರನ್ನು ವಯಸ್ಕರಂತೆ ವಿಚಾರಣೆಗೆ ಒಳಪಡಿಸಲು ಮಕ್ಕಳ ನ್ಯಾಯಾಲಯಕ್ಕೆ ಕಳಿಸಬಹುದು.

ಪ್ರಕರಣ ಎಡವುವುದು ಆರೋಪಿಗೆ ಆಗ 18 ತುಂಬಿತ್ತೇ ಎಂಬ ವಯಸ್ಸಿನ ಪ್ರಶ್ನೆಯಲ್ಲಿ. ವಯಸ್ಸಿಗೆ ಪುರಾವೆಯಾಗಿ ಮೊದಲು ಶಾಲಾ ದಾಖಲೆ, ಇಲ್ಲದಿದ್ದರೆ ಪಾಲಿಕೆ ಅಥವಾ ಪಂಚಾಯಿತಿಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಾಗ ಮಾತ್ರ ಮೂಳೆ ಪರೀಕ್ಷೆ. ಒಂದನೇ ತರಗತಿಗೆ ಸೇರಿಸುವಾಗ ಅಂದಾಜಿನಲ್ಲಿ ಬರೆಸಿದ ಜನ್ಮದಿನ ಮುಂದೆ ಕೋರ್ಟಿನಲ್ಲಿ ತಕರಾರಾಗುತ್ತದೆ, ವಿಚಾರಣೆ ಎಳೆಯುತ್ತದೆ, ಸತ್ತವರ ಮನೆಯವರು ಅಲೆದು ಸೋಲುತ್ತಾರೆ. ಹುಡುಗರನ್ನು ವಶಕ್ಕೆ ಪಡೆದ ವಾರದಲ್ಲೇ ಪೊಲೀಸರು ಶಾಲೆಯ ದಾಖಲಾತಿ ಪುಸ್ತಕದ ದೃಢೀಕೃತ ಪ್ರತಿ ಪಡೆಯಲಿ.

ಇನ್ನು, ಅಂಥ ಹುಡುಗರ ಫೋಟೊ, ಹೆಸರು ವಾಟ್ಸ್‌ಆ್ಯಪ್‌ನಲ್ಲಿ ಹಂಚುವುದೂ ಅಪರಾಧ: ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

– ಕೆಲವು ವಕೀಲರು, ದಾವಣಗೆರೆ