ಕುದಿಸಿದ್ರ ಹೋಗಂಗಿಲ್ಲವ್ವ

ಯವ್ವಾ ಮಗಳ,

ನಿನ್ನ ಪತ್ರ ನಿನ್ನಿ ಸಂಜಿಮುಂದ ಓದ್ದೆ. ಉಳಿದದ್ದೆಲ್ಲಾ ನಿಮ್ಮವ್ವ ಫೋನ್‌ನಾಗ ಹೇಳ್ಯಾಳ, ಅದಿರಲಿ. ಕಡೀಕ ಒಂದು ಸಾಲು ಬರದೀಯಲ್ಲ, ಮನಿಗೆ ಬರೋ ಪೈಪು ಸೀಸದ್ದು ಇರಬಹುದು ಅಂತ ಚೀಟಿ ಬಂದೈತಿ, ಆದ್ರ ಕೂಸಿನ ಪುಡಿಹಾಲಿಗೆ ನೀರು ಚಲೋತ್ನಂಗ ಕುದಿಸೇ ಹಾಕ್ತೀನಿ, ಚಿಂತಿ ಮಾಡಬ್ಯಾಡ ದೊಡ್ಡವ್ವ ಅಂತ. ಅದನ್ನ ಓದಿ ರಾತ್ರಿಯೆಲ್ಲಾ ಕಣ್ಣಿಗೆ ಕಣ್ಣು ಹತ್ತಿಲ್ಲ. ಕುದಿಸಿದ್ರ ಸೀಸ ಹೋಗಂಗಿಲ್ಲವ್ವ. ನೀರಷ್ಟೇ ಆವಿಯಾಗಿ ಹೋಗ್ತೈತಿ, ಸೀಸ ಉಳಿದ ನೀರಾಗ ಹಂಗs ಕುಂತಿರ್ತೈತಿ, ಎಷ್ಟು ಕುದಿಸ್ತೀಯೋ ಅಷ್ಟು ದಟ್ಟ ಆಕೈತಿ.

ಇದು ನನಗ ಹ್ಯಾಂಗ ಗೊತ್ತು ಅಂದ್ರ ಸೀಸದಿಂದ ಅಲ್ಲ. ಕುಷ್ಟಗಿ ಕಡೆ ಅಂಗನವಾಡಿ ನಡಸೋವಾಗ ನೀರು ಕಾಸಿ ಕುಡೀರಿ ಅಂತ ಮನಿಮನಿಗೆ ಹೋಗಿ ಹೇಳಿದಾಕಿ ನಾನs. ವಾಂತಿಭೇದಿಗೆ ಅದು ಖರೇನೂ ಇತ್ತು, ಎಷ್ಟೋ ಕೂಸು ಉಳಿದ್ವು. ಆಮ್ಯಾಲ ಬೋರ್ ಬಂತು, ಗಾಜಿನಂಥ ತಿಳಿನೀರು, ಊರಿಗೇ ಹಬ್ಬ ಆದಂಗಾತು, ಆವಾಗೂ ನಾನು ಕಾಸ್ರಿ ಕಾಸ್ರಿ ಅಂತs ಹೇಳಿಕೋಂತ ತಿರುಗಿದೆ. ಆ ನೀರಾಗ ಫ್ಲೋರೈಡ್ ಇತ್ತು, ಹೆಚ್ಚಾದ್ರ ಮಕ್ಕಳ ಹಲ್ಲಿಗೆ ಕಂದು ಗೆರಿ ಹಿಡಿಸೋದು. ಲೀಟರಿಗೆ ಒಂದೂವರಿ ಮಿಲಿಗ್ರಾಂ ದಾಟಬಾರದು ಅಂತಾರ, ನಮ್ಮ ಕುಷ್ಟಗಿ ಯಲಬುರ್ಗಾ ಬೋರು ಎಷ್ಟೋ ಕಡೆ ಅದನ್ನ ದಾಟ್ಯಾವ. ಅದೂ ಕಾಸಿದ್ರ ಹೋಗಂಗಿಲ್ಲ.

ನಮ್ಮ ಬೋಗಾಣಿ ತಳಕ್ಕ ಬಿಳಿ ಪೊರೆ ಹಿಡೀತಿತ್ತು, ಬೂದಿ ಹಚ್ಚಿ ತಿಕ್ಕಿದ್ರೂ ಏಳ್ತಿದ್ದಿಲ್ಲ. ಅದು ಸುಣ್ಣ, ಫ್ಲೋರೈಡ್ ಅಲ್ಲ, ಆದ್ರ ನೀರಾಗ ಇದ್ದದ್ದೆಲ್ಲಾ ಬೆಂಕಿಗೆ ಹೋಗಂಗಿಲ್ಲ ಅಂತ ಆ ಬೋಗಾಣಿ ದಿನಾ ಮುಂಜಾನೆ ತೋರಸ್ತಿತ್ತು, ನಾನು ತಿಕ್ಕಿ ತಿಕ್ಕಿ ಬೋರಲ ಹಾಕ್ತಿದ್ದೆ.

ನಿಮ್ಮಣ್ಣನ ಹಲ್ಲಿನ ಸುದ್ದಿ ನಿನಗ ಹೇಳಬೇಕಾಗಿಲ್ಲ. ಮದುವಿ ಫೋಟೋದಾಗೂ ತುಟಿ ಬಿಚ್ಚಿಲ್ಲ ಅಂವ. ಆದ್ರ ಇದನ್ನ ಯಾರ ಮುಂದೂ ಹೇಳಿಲ್ಲ. ಒಬ್ಬಾಕಿ ಮಗನ್ನ ಕೈಹಿಡದು ಕರಕೊಂಡು ಬಂದು, ಬಾಯಿ ತೆರಿಸಿ ಕಂದು ಗೆರಿ ತೋರಿಸಿ, ಕಾಸೇ ಕುಡಿಸೀನ್ರಿ ಟೀಚರ್, ಒಂದು ದಿನಾನೂ ತಪ್ಪಿಸಿಲ್ಲ ಅಂದ್ಲು. ಬೈದಿದ್ರ ಚಲೋ ಇತ್ತು, ಬೈಲಿಲ್ಲ. ಕಟಗಿ ಸಿಗದ ಊರಾಗ ಹೊಲದ ಬದುವಿನ ಜಾಲಿ ಕಡ್ಡಿ ಆರಿಸಿ ತಂದು ನನ್ನ ಮಾತಿಗೆ ನೀರು ಕಾಸಿದಾಕಿ ಆಕಿ. ಈಗ ನೀನು ಅಷ್ಟು ದೂರ ಕುಂತು ಅದs ಮಾತು ಬರದಿ, ಕುದಿಸೇ ಹಾಕ್ತೀನಿ ಅಂತ, ನಾನು ಕಲಿಸಿದ ಮಾತು.

ಫ್ಲೋರೈಡ್ ಹಲ್ಲಿನಾಗ ಕಾಣಸ್ತೈತಿ. ಸೀಸ ಕಾಣಂಗಿಲ್ಲ, ರುಚಿ ಇಲ್ಲ, ವಾಸನಿ ಇಲ್ಲ, ನೀರಿನ ಬಣ್ಣಾನೂ ಬದಲಾಗಂಗಿಲ್ಲ, ಒಳಗs ಕೂಸಿನ ತಲಿಗೆ, ಕಲಿಯೋದಕ್ಕ ಹತ್ತತೈತಿ. ಸಣ್ಣ ಮಕ್ಕಳ ಮೈ ದೊಡ್ಡವರಕಿಂತ ನಾಕೈದು ಪಟ್ಟು ಹೆಚ್ಚು ಹೀರ್ಕೊಂತೈತಿ, ಇಷ್ಟಿದ್ರ ನಡೀತೈತಿ ಅನ್ನೋ ಲೆಕ್ಕ ಅವರಿಗಿಲ್ಲ.

ನಿಮ್ಮಣ್ಣಗ ಕೂಡಿಸ್ಕೊಂಡು ಓದಿಸೀನಿ. ನೀನಿರೋ ಶಿಕಾಗೋದಾಗ 1986ರ ತನಕ ಸಣ್ಣ ಮನಿಗಳಿಗೆ ಸೀಸದ ಪೈಪೇ ಹಾಕಬೇಕು ಅಂತ ಕಾನೂನೇ ಇತ್ತಂತ, ಇನ್ನೂ 4 ಲಕ್ಷದಷ್ಟು ನೆಲದಾಗ ಅದಾವಂತ. ನಿಮ್ಮದು ಹಳೇ ಮನಿ. ನೆಲಮಾಳಿಗ್ಯಾಗ ನೀರಿನ ಮೀಟರ್ ಇರೋ ಕಡೆ ಗೋಡಿಯಿಂದ ಹೊರಗ ಬರೋ ಪೈಪು ನೋಡು, ಕೀಲಿಕೈ ತುದಿಲೆ ಸ್ವಲ್ಪ ಕೆರಿ, ಮೆತ್ತಗ ಇದ್ದು ಬೆಳ್ಳಿಯಂಗ ಹೊಳದ್ರ, ಅಯಸ್ಕಾಂತ ಹಿಡೀಲಿಲ್ಲಂದ್ರ ಅದು ಸೀಸ. ಅಯಸ್ಕಾಂತ ಹಿಡಿದ್ರ ಕಬ್ಬಿಣ, ಕೆಂಪಗ ಕಂಡ್ರ ತಾಮ್ರ. ಕೆರದ ಮ್ಯಾಲ ಕೈ ತೊಳಕೊ, ಕೂಸನ್ನ ಎತ್ಕೋಳಕ ಮೊದಲs. ಓದಿದಾಕಿಗೆ ನಾನೇನು ಹೇಳೋದು ಅನಸ್ತೈತಿ, ಆದ್ರೂ ಬರೀತೀನಿ.

ನಿಮ್ಮೂರ ಸಹಾಯವಾಣಿ 311ಕ್ಕ ಫೋನ್ ಹಚ್ಚಿದ್ರ ನೀರಿನ ಪರೀಕ್ಷಾ ಬಾಟಲಿ ಪುಕ್ಕಟೆ ಕಳಸ್ತಾರಂತ. ಅದು ಬರೋ ತನಕ ಕಾಯಬ್ಯಾಡ, ಇವತ್ತs ಫಿಲ್ಟರ್ ತಂದುಬಿಡು. ಪೆಟ್ಟಿಗಿ ಮ್ಯಾಲ ಎನ್‌ಎಸ್‌ಎಫ್ 53 ಅಂತ ಫಿಲ್ಟರಿನ ಪರೀಕ್ಷಾ ಗುರುತು ಇರಬೇಕು, ಸೀಸ ತಗೀತೈತಿ ಅಂತ ಬರದಿರಬೇಕು, 42 ಅಷ್ಟೇ ಇದ್ರ ಅದು ವಾಸನಿ, ರುಚಿ ತಗಿಯೋದು, ಆಗಂಗಿಲ್ಲ. ಫಿಲ್ಟರ್ ಆದ ನೀರನ್ನ ಬೇಕಾದ್ರ ಕುದಿಸು, ಕುದಿಸೋದು ತಪ್ಪಲ್ಲ, ಅದೊಂದನ್ನs ನಂಬಿ ಕುಂದ್ರೋದು ತಪ್ಪು. ಬಿಸಿ ನಳದ ನೀರು ಮಾತ್ರ ಕೂಸಿನ ಬಾಟಲಿಗೆ ಬ್ಯಾಡs ಬ್ಯಾಡ, ಬಿಸಿ ನೀರು ಸೀಸನ ಹೆಚ್ಚು ಕರಗಸ್ತೈತಿ. ಓಣ್ಯಾಗ ರಸ್ತೆ ಅಗದಾರ ಅಂದಿಯಲ್ಲ, ಅಲುಗಾಡಿದ ಪೈಪಿನಿಂದ ಚೂರು ಬಿಡ್ತಾವ, ನಳದ ತುದಿ ಜಾಲರಿ ಬಿಚ್ಚಿ ತೊಳಿ. ರಾತ್ರಿಯೆಲ್ಲಾ ನಿಂತ ನೀರು ಮುಂಜಾನೆ ಒಂದೈದು ನಿಮಿಷ ಬಿಟ್ಟುಬಿಡು, ಗಿಡಕ್ಕ ಹಾಕು.

ಕೂಸಿನ ಡಾಕ್ಟರಿಗೆ ಹೇಳಿ ರಕ್ತದಾಗ ಸೀಸ ಐತೇನು ನೋಡಸು. ಸೂಜಿ ಚುಚ್ಚಸಾಕ ಮನಸ್ಸು ಆಗಂಗಿಲ್ಲ ಗೊತ್ತೈತಿ, ನೋಡಸು. ನಾನು ಆವಾಗ ಬೋರಿನ ನೀರು ಒಂದು ಬಾಟಲಿ ತುಂಬಿ ಜಿಲ್ಲಾ ಲ್ಯಾಬಿಗೆ ಕಳಿಸಬಹುದಿತ್ತು. ತಿಳಿ ಐತಲ್ಲ ಅಂತ ಸುಮ್ಮನಾದೆ.

ಪೈಪು ಕೆರದ ಕೂಡಲೆ ಫೋಟೋ ಹೊಡದು ಕಳಸು. ಇಲ್ಲಿ ನಡುರಾತ್ರಿ ಇರಬಹುದು, ಇರ್ಲಿ, ಫೋನು ದಿಂಬಿನ ಬಾಜೂಕ ಇಟ್ಕೊಂಡಿರ್ತೀನಿ.

ನಿನ್ನ ದೊಡ್ಡವ್ವ