ದ್ರಾಕ್ಷಿ ತೋಟಕ್ಕೆ ಮರಳಿದ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ಕರ್ತನಾದ ಯೇಸುವಿನ ನಾಮದಲ್ಲಿ ವಂದನೆಗಳು.

ನಿನ್ನ ಉದ್ದನೆಯ ಮೆಸೇಜನ್ನು ರಾತ್ರಿ ಓದಿದೆ, ಬೆಳಿಗ್ಗೆ ಎದ್ದು ಇನ್ನೊಮ್ಮೆ ಓದಿದೆ. ಅಪ್ಪ ಹೋದ ಮೇಲೆ ಬೆಂಗಳೂರಿನ ಕೆಲಸ ಬಿಟ್ಟು ತೋಟಕ್ಕೆ ಬಂದು ಕೂತಿದ್ದೀಯ. ಆಳು, ಔಷಧಿ, ಕರೆಂಟು, ಬ್ಯಾಂಕಿನ ಕಂತು ಇಷ್ಟರಲ್ಲೇ ದಿನ ಮುಗಿಯುತ್ತದೆ, ಭಾನುವಾರದ ಆರಾಧನೆಗೂ ಅರ್ಧದಲ್ಲಿ ಬಂದು ಕೂರುವ ಹಾಗಾಗಿದೆ. “ಹಿಂಗಿದ್ದುಕೊಂಡು ಯೇಸು ಬದುಕಿದ ಹಾಗೆ ಬದುಕೋಕೆ ಆಗುತ್ತಾ? ಎಲ್ಲಾ ಮಾರಿ ಪೂರ್ತಿ ಸೇವೆಗೆ ಹೋಗಿಬಿಡಲಾ?” ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅಂತ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಇಟ್ಟುಕೊಂಡವರು ನಮ್ಮ ಜಿಲ್ಲೆಯಲ್ಲಿ ಇನ್ನೂ ಇದ್ದಾರೆ, ಅವರೂ ಓದಲಿ ಅಂತ ನಿನ್ನನ್ನು ಕೇಳಿಕೊಂಡೇ, ನಿನ್ನ ಹೆಸರು ಬಿಟ್ಟು, ಎಲ್ಲರ ಮುಂದೆ ಇಡುತ್ತಿದ್ದೇನೆ.

ಮೊದಲು ಸೇವೆಯ ಮಾತು. ದೇವರು ಕರೆದರೆ ಹೋಗು, ಅದನ್ನು ತಡೆಯಲು ನಾನು ಯಾರು? ಆದರೆ ತೋಟದಲ್ಲಿದ್ದರೆ ಯೇಸುವಿಗೆ ದೂರ, ವೇದಿಕೆ ಮೇಲಿದ್ದರೆ ಹತ್ತಿರ ಅನ್ನುವ ಲೆಕ್ಕ ಸುವಾರ್ತೆಗಳಲ್ಲಿ ಎಲ್ಲೂ ಇಲ್ಲ. ಯೇಸು ಬೋಧಿಸಲು ಶುರು ಮಾಡಿದಾಗ ಹೆಚ್ಚುಕಡಿಮೆ 30 ವರ್ಷ ಅಂತ ಲೂಕನು ಬರೆಯುತ್ತಾನೆ. ಅಲ್ಲಿಯವರೆಗೆ ನಜರೇತಿನ ಜನಕ್ಕೆ ಆತ ಮರಿಯಳ ಮಗ, ಊರ ಬಡಗಿ, ಅಷ್ಟೇ. ಯೊರ್ದನ್ ನದಿಯಲ್ಲಿ ದೀಕ್ಷಾಸ್ನಾನವಾದಾಗ ತಂದೆಯಾದ ದೇವರು ಈತನು ಪ್ರಿಯನಾದ ನನ್ನ ಮಗ, ಈತನನ್ನು ಮೆಚ್ಚಿದ್ದೇನೆ ಅಂದನಲ್ಲ, ಆ ಹೊತ್ತಿಗೆ ಯೇಸು ಒಂದು ಪ್ರಸಂಗವನ್ನೂ ಮಾಡಿರಲಿಲ್ಲ, ಒಬ್ಬ ಕುಷ್ಠರೋಗಿಯನ್ನೂ ಮುಟ್ಟಿರಲಿಲ್ಲ. ತಂದೆ ಮೆಚ್ಚಿದ್ದು ಮರ ಕೊಯ್ದು, ನೊಗವನ್ನೋ ಬಾಗಿಲನ್ನೋ ಮಾಡಿಕೊಟ್ಟು, ತಾಯಿಯ ಮನೆ ನೋಡಿಕೊಂಡಿದ್ದ ಆ ವರ್ಷಗಳನ್ನೂ ಸೇರಿಸಿಯೇ ಅಂತ ನನ್ನ ನಂಬಿಕೆ. ನಮ್ಮ ಚಿಕ್ಕಬಳ್ಳಾಪುರಕ್ಕೆ ಲಂಡನ್ ಮಿಷನ್ನಿನ ಪಾದ್ರಿಗಳು ಬಂದಾಗಲೂ ಬರೀ ವಾಕ್ಯ ಹೇಳಿ ಹೋಗಲಿಲ್ಲ, ಆಸ್ಪತ್ರೆ ಕಟ್ಟಿದರು. ಇವತ್ತಿಗೂ ಸುತ್ತಲ ಹಳ್ಳಿಯವರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆಯೇ.

ಹಾಗಾದರೆ ತೋಟದಲ್ಲಿ ಎಲ್ಲಿಂದ ಶುರು ಮಾಡೋದು? ಬಹಳ ದಿನದಿಂದ ನನ್ನ ಮನಸ್ಸಿನಲ್ಲಿ ನಿಂತಿರುವ ಒಂದೇ ಮಾತು ಇದೆ: ಎಲ್ಲಿ ನಿನ್ನ ಕೈ ಮೇಲಾಗಿದೆಯೋ ಅಲ್ಲಿಂದ. ಯೋಹಾನ 13 ತೆಗೆದು ನೋಡು. ಪಾದ ತೊಳೆಯುವ ಕಥೆ ನಮಗೆಲ್ಲ ಬಾಯಿಪಾಠ, ಪವಿತ್ರ ಗುರುವಾರ ಬಂತೆಂದರೆ ಅದರ ಮೇಲೇ ಪ್ರಸಂಗ. ಆದರೆ ಮೂರನೇ ವಚನದ ಮೇಲೆ ನಾವು ಹಾಗೇ ದಾಟಿ ಹೋಗುತ್ತೇವೆ. ತಂದೆ ಎಲ್ಲವನ್ನೂ ತನ್ನ ಕೈಗೆ ಕೊಟ್ಟಿದ್ದಾನೆ ಅಂತ ಯೇಸುವಿಗೆ ಗೊತ್ತಿತ್ತು, ಅದನ್ನು ತಿಳಿದೇ ಊಟದಿಂದ ಎದ್ದು, ಮೇಲಂಗಿ ತೆಗೆದಿಟ್ಟು, ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡನು. ಎಲ್ಲವೂ ಕೈಗೆ ಬಂದ ಗಳಿಗೆಯಲ್ಲಿ ಆ ಕೈ ಹೋದದ್ದು ನೀರಿನ ಬೋಗುಣಿಗೆ. ತೊಳೆಸಿಕೊಂಡವರಲ್ಲಿ ಆತನನ್ನು ಹಿಡಿದುಕೊಡಲಿದ್ದ ಯೂದನೂ ಇದ್ದ, ಅವನು ಎದ್ದು ಕತ್ತಲೆಗೆ ಹೋಗಿದ್ದು ಆಮೇಲೆ. ದಿಕ್ಕಿಲ್ಲದವನು ತಗ್ಗಿ ನಡೆದರೆ ಅದರಲ್ಲಿ ಆಶ್ಚರ್ಯವಿಲ್ಲ, ಅವನನ್ನು ಲೋಕವೇ ತಗ್ಗಿಸಿರುತ್ತದೆ. ನಿನ್ನ ಸಂಗತಿ ಬೇರೆ. ನೂರಾರು ಕಂಬಗಳ ತೋಟ ನಿನ್ನದು, ಬೆಳಿಗ್ಗೆ ಎದ್ದರೆ ಹತ್ತು ಹದಿನೈದು ಹೆಂಗಸರು ನಿನ್ನ ಬಾಯಿ ನೋಡುತ್ತಾರೆ. ಯಾರಿಗೆ ಇವತ್ತು ಕೆಲಸ, ಯಾರಿಗೆ ಇಲ್ಲ ಅಂತ ಹೇಳುವವನು ನೀನು.

ಅದಕ್ಕೇ ಮತ್ತಾಯ 20ರಲ್ಲಿ ಯೇಸು ಕಥೆಯಾಗಿ ಹೇಳಿದ ದ್ರಾಕ್ಷಿ ತೋಟದ ಸಾಮ್ಯವನ್ನು ನೀನು ಓದುವ ಹಾಗೆ ಬೆಂಗಳೂರಿನ ಫ್ಲಾಟಿನಲ್ಲಿ ಕೂತವನು ಓದಲಾರ. ನಸುಕಿನಲ್ಲಿ ಕೂಲಿಯಾಳು ಹುಡುಕಿಕೊಂಡು ಹೋಗುವ ಯಜಮಾನ ನಮಗೆ ಪರದೇಶದವನಲ್ಲ. ಬಿ.ಬಿ. ರಸ್ತೆಯಲ್ಲಿ ಬೆಳಗಿನ ಹೊತ್ತು ಬುತ್ತಿ ಚೀಲ ಹಿಡಿದು ನಿಂತವರನ್ನು ಟೆಂಪೋದವರು ಬಂದು ಹತ್ತಿಸಿಕೊಂಡು ಹೋಗುವುದನ್ನು ನೀನೂ ಕಂಡಿದ್ದೀಯ. ನನ್ನ ಅಮ್ಮ ಹಾಗೆ ನಿಂತವಳು. ದ್ರಾಕ್ಷಿ ಕೊಯ್ಲಿಗೆ ಕೈ ಚುರುಕಿರಬೇಕು. ಗೊಂಚಲಿನ ತೊಟ್ಟು ಹಿಡಿದು, ಹಣ್ಣಿನ ಮೇಲಿನ ಬೂದಿಯಂಥ ಬಿಳುಪು ಅಳಿಸದ ಹಾಗೆ ಕತ್ತರಿಸಿ, ಒಡೆದ ಕೊಳೆತ ಕಾಳುಗಳನ್ನು ಸಣ್ಣ ಕತ್ತರಿಯಲ್ಲಿ ಒಂದೊಂದಾಗಿ ತೆಗೆದು, ಪೇಪರ್ ಹಾಸಿದ ಕ್ರೇಟಿನಲ್ಲಿ ಇಡಬೇಕು. ಅಮ್ಮನ ಬೆರಳು ಗಂಟು ಕಟ್ಟಿ ಬಾಗಿದ ಮೇಲೆ ಟೆಂಪೋದವನು ಅವಳನ್ನು ನೋಡಿಯೂ ನೋಡದ ಹಾಗೆ ಪಕ್ಕದವಳನ್ನು ಕರೆಯುತ್ತಿದ್ದ. ಅಂಥ ದಿನ ಹತ್ತು ಗಂಟೆಗೆಲ್ಲ ಮನೆಗೆ ಬಂದುಬಿಡುತ್ತಿದ್ದಳು. ಬುತ್ತಿಯ ಗಂಟು ಬಿಚ್ಚಿರುತ್ತಿರಲಿಲ್ಲ. ಅದೇ ಮುದ್ದೆಯನ್ನು ನಮಗೆ ಮಧ್ಯಾಹ್ನ ಮುರಿದು ಕೊಡುತ್ತಿದ್ದಳು, ತಾನು ಹಸಿವಿಲ್ಲ ಅನ್ನುತ್ತಿದ್ದಳು.

ಈಗ ಆ ಸಾಮ್ಯದಲ್ಲಿ ಸಂಜೆ ಐದು ಗಂಟೆಗೆ ಪೇಟೆಯಲ್ಲಿ ನಿಂತಿದ್ದವರನ್ನು ನೋಡು. ಇಡೀ ದಿನ ಯಾಕೆ ಸುಮ್ಮನೆ ನಿಂತಿದ್ದೀರಿ ಅಂತ ಯಜಮಾನ ಕೇಳುತ್ತಾನೆ. ನಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ ಅನ್ನುತ್ತಾರೆ. ಸೋಮಾರಿಗಳು ಅಂತ ಪ್ರಸಂಗಗಳಲ್ಲಿ ಇವರನ್ನು ಬೈಯುವುದನ್ನು ಕೇಳಿದ್ದೇನೆ, ನನಗೆ ಬಹಳ ನೋವಾಗುತ್ತದೆ. ಸೋಮಾರಿಯಾದವನು ಸಂಜೆ ಐದರ ತನಕ ಬಿಸಿಲಲ್ಲಿ ನಿಂತು ಕಾಯುತ್ತಾನಾ? ಮುದುಕರು, ಕುಂಟರು, ಬೆರಳು ಬಾಗಿದವರು ಕೊನೆಗೆ ಉಳಿಯುತ್ತಾರೆ. ಇನ್ನೊಂದು ವಿಷಯ. ಈ ಯಜಮಾನನಿಗೆ ಪಾರುಪತ್ಯಗಾರ ಇದ್ದ, ಸಂಜೆ ಕೂಲಿ ಹಂಚುವುದು ಅವನೇ. ಆದರೆ ಪೇಟೆಗೆ ಅವನನ್ನು ಕಳಿಸಲಿಲ್ಲ. ನಸುಕಿಗೆ, ಒಂಬತ್ತಕ್ಕೆ, ಮಧ್ಯಾಹ್ನಕ್ಕೆ, ಮೂರಕ್ಕೆ, ಐದಕ್ಕೆ, ಐದು ಸಲವೂ ಯಜಮಾನ ತಾನೇ ಹೋದ. ತೋಟಕ್ಕೆ ಆಳು ಸಾಕಾಗದೆ ಹೋದನೋ, ನಿಂತವರು ಬರಿಗೈಲಿ ಮನೆಗೆ ಹೋಗಬಾರದು ಅಂತ ಹೋದನೋ, ಕೂಲಿ ಕೊಟ್ಟ ರೀತಿ ನೋಡಿದರೆ ತಿಳಿಯುತ್ತದೆ. ಕೊನೆಗೆ ಬಂದವರಿಗೂ ಒಂದು ದಿನದ ಪೂರ್ತಿ ಕೂಲಿ ಕೊಟ್ಟ. ಅಷ್ಟಿದ್ದರೆ ಅವತ್ತು ಮನೆಯಲ್ಲಿ ಒಲೆ ಹತ್ತುತ್ತದೆ.

ನೀನು ಎಲ್ಲರಿಗೂ ಹಾಗೆ ಕೊಟ್ಟು ತೋಟ ಮುಳುಗಿಸು ಅಂತ ನಾನು ಹೇಳುತ್ತಿಲ್ಲ. ಬೆಲೆ ಬಿದ್ದ ವರ್ಷ ಕೊಯ್ಲಿನ ಖರ್ಚೂ ಹುಟ್ಟುವುದಿಲ್ಲ ಅಂತ ಗೊತ್ತು. ಆದರೆ ಒಂದಿಬ್ಬರು ವಯಸ್ಸಾದವರನ್ನು, ಕೈ ನಿಧಾನವಾದವರನ್ನು, ಆರಿಸುವ ಕೆಲಸಕ್ಕೋ ಪೇಪರ್ ಹಾಸುವ ಕೆಲಸಕ್ಕೋ ಖಾಯಂ ಆಗಿ ಇಟ್ಟುಕೋ. ಮೇಸ್ತ್ರಿಗೆ ಬಿಡದೆ ವಾರಕ್ಕೊಮ್ಮೆಯಾದರೂ ನೀನೇ ಬೆಳಿಗ್ಗೆ ರಸ್ತೆಗೆ ಬಂದು ಆಳು ಕರೆದುಕೊಂಡು ಹೋಗು. ಯಾರು ನಿಂತೇ ಉಳಿಯುತ್ತಾರೆ ಅಂತ ಕಣ್ಣಾರೆ ಕಾಣಬೇಕು.

ಕೂಲಿಯ ದಿನ ತಪ್ಪಿಸಬೇಡ. ಬಡವನಾದ ಕೂಲಿಯವನಿಗೆ ಅವತ್ತಿನ ಕೂಲಿಯನ್ನು ಹೊತ್ತು ಮುಳುಗುವ ಮುಂಚೆ ಕೊಡಬೇಕು, ಅವನು ಅದನ್ನೇ ನೆಚ್ಚಿಕೊಂಡಿದ್ದಾನೆ ಅಂತ ಧರ್ಮೋಪದೇಶಕಾಂಡ 24ರಲ್ಲಿದೆ. ಹೊಲ ಕೊಯ್ದವರಿಗೆ ಕೊಡದೆ ಹಿಡಿದ ಕೂಲಿ ತಾನೇ ಕೂಗುತ್ತದೆ ಅಂತ ಯಾಕೋಬನ ಪತ್ರಿಕೆ. ನಮ್ಮ ಕಡೆ ಶನಿವಾರದ ಬಟವಾಡೆ ಅಂತ ಇಟ್ಟುಕೊಂಡಿದ್ದಾರೆ, ಸರಿ, ಅದು ಶನಿವಾರವೇ ಆಗಲಿ. ವ್ಯಾಪಾರಿ ದುಡ್ಡು ಹಾಕಿಲ್ಲ, ಮುಂದಿನ ವಾರ ನೋಡೋಣ ಅನ್ನುವ ಮಾತು ನಿನ್ನ ಬಾಯಲ್ಲಿ ಬರಬಾರದು. ಭಾನುವಾರ ಕಾಣಿಕೆ ಚೀಲಕ್ಕೆ ಹಾಕುವ ನೋಟು ಶನಿವಾರ ಯಾರದೋ ಕೈ ಸೇರಬೇಕಿದ್ದ ನೋಟಾದರೆ ಅದನ್ನು ದೇವರು ಹೇಗೆ ತೆಗೆದುಕೊಂಡಾನು?

ಇನ್ನು ಲೋಟಗಳ ವಿಷಯ. ಹೇಳಲೋ ಬೇಡವೋ ಅಂತ ತುಂಬಾ ಯೋಚಿಸಿದೆ. ನಿಮ್ಮ ಪಂಪ್‌ಹೌಸಿನ ಕಿಟಕಿ ಕಟ್ಟೆಯ ಮೇಲೆ ನಾಲ್ಕೈದು ಸ್ಟೀಲ್ ಲೋಟ ಬೋರಲು ಹಾಕಿರುತ್ತವೆ. ಆಳುಗಳು ಕಾಫಿ ಕುಡಿದು ತಾವೇ ತೊಳೆದು ಅಲ್ಲೇ ಇಡುತ್ತಾರೆ, ಮನೆಯೊಳಗಿನ ಲೋಟ ಬೇರೆ. ಅದು ಅಪ್ಪನ ಕಾಲಕ್ಕೂ ಮುಂಚಿನದು, ನೀನು ಇಟ್ಟದ್ದಲ್ಲ. ಈಗೀಗ ಬಹಳ ಕಡೆ ಪೇಪರ್ ಕಪ್ ಬಂದು ಈ ಸಂಗತಿ ಕಣ್ಣಿಗೆ ಬೀಳದ ಹಾಗಾಗಿದೆ, ಮನಸ್ಸಿನಿಂದ ಹೋಗಿಲ್ಲ. ಸುಖರೆಂಬ ಊರಿನ ಬಾವಿಯ ಹತ್ತಿರ ಯೇಸು ಆ ಸಮಾರ್ಯದ ಹೆಂಗಸಿಗೆ ಮೊದಲು ಹೇಳಿದ್ದು ಉಪದೇಶವಲ್ಲ, ಕುಡಿಯಲು ನೀರು ಕೊಡು ಅಂದನು. ಆತನ ಹತ್ತಿರ ಸೇದಲು ಏನೂ ಇರಲಿಲ್ಲ, ಕುಡಿಯುವುದಾದರೆ ಅವಳ ಕೊಡದಿಂದಲೇ ಕುಡಿಯಬೇಕು. ಯೆಹೂದ್ಯರಿಗೂ ಸಮಾರ್ಯದವರಿಗೂ ಬಳಕೆಯೇ ಇರಲಿಲ್ಲ. ಯೆಹೂದ್ಯನಾಗಿ ನನ್ನ ಹತ್ತಿರ ನೀರು ಕೇಳುತ್ತೀಯಾ ಅಂತ ಅವಳಿಗೇ ಗಾಬರಿ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹುಟ್ಟಿದವನಿಗೆ ಆ ಗಾಬರಿಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಸಭೆಗಳಲ್ಲೂ ಒಂದೇ ಪಾತ್ರೆಯಿಂದ ಕರ್ತನ ಭೋಜನ ತೆಗೆದುಕೊಂಡು, ಮದುವೆಯ ಮಾತು ಬಂದಾಗ ಹಳೆಯ ಜಾತಿ ಕೇಳುವವರು ಇದ್ದಾರೆ. ನೀನು ಆ ಲೋಟಗಳನ್ನು ಒಳಗೆ ತಗೊಂಡು ಹೋಗಿ ಮನೆಯ ಲೋಟಗಳ ಜೊತೆ ಸೇರಿಸು. ಹತ್ತು ಗಂಟೆಯ ಕಾಫಿಗೆ ನೀನೂ ಚಪ್ಪರದ ಕೆಳಗೆ ಅವರ ಜೊತೆ ಕೂತು, ಕೈಗೆ ಸಿಕ್ಕ ಲೋಟದಲ್ಲಿ ಕುಡಿ. ಭಾಷಣ ಬೇಡ. ನಿನ್ನ ಅಮ್ಮನಿಗೆ ಮೊದಲು ಕಷ್ಟವಾಗಬಹುದು, ಅವರ ಮೇಲೆ ರೇಗದೆ ನಿಧಾನವಾಗಿ ಹೇಳು.

ಪಕ್ಕದ ತೋಟದವನ ಜೊತೆಗಿನ ಬದುವಿನ ಜಗಳದ ಬಗ್ಗೆ ನೀನು ಬರೆದಿದ್ದೀಯ. ವೈರಿಯನ್ನು ಪ್ರೀತಿಸು ಅಂದರೆ ಜಮೀನು ಬಿಟ್ಟುಕೊಡು ಅಂತಲೇ ಅಂತ ಕೇಳಿದ್ದೀಯ. ನನಗೆ ಹಾಗೆ ಕಾಣುವುದಿಲ್ಲ. ಮಹಾಯಾಜಕನ ಮುಂದೆ ಓಲೇಕಾರನೊಬ್ಬ ಕೆನ್ನೆಗೆ ಹೊಡೆದಾಗ ಯೇಸು ಸುಮ್ಮನಿರಲಿಲ್ಲ. ನಾನು ತಪ್ಪು ಆಡಿದ್ದರೆ ತೋರಿಸು, ಸರಿಯಾಗಿ ಆಡಿದ್ದರೆ ಯಾಕೆ ಹೊಡೆಯುತ್ತೀ ಅಂತ ಕೇಳಿದನು. ಮರುದಿನ ಶಿಲುಬೆಯ ಮೇಲೆ ಅಂಥವರಿಗಾಗಿಯೇ ಪ್ರಾರ್ಥಿಸಿದನು. ಎರಡೂ ಒಬ್ಬನೇ ಯೇಸು. ಆದ್ದರಿಂದ ಹದ್ದುಬಸ್ತಿಗೆ ಅರ್ಜಿ ಹಾಕು, ಸರ್ವೆಯವರು ಅಳತೆ ಮಾಡಲಿ, ಕಲ್ಲು ಎಲ್ಲಿ ಬೀಳುತ್ತದೋ ಅದಕ್ಕೆ ಒಪ್ಪಿಕೋ. ಟೀ ಅಂಗಡಿಯಲ್ಲಿ ಅವನ ಹೆಸರೆತ್ತಿ ಆಡಿಕೊಳ್ಳಬೇಡ. ಅವನ ಮೋಟರ್ ಸುಟ್ಟ ದಿನ ನಿನ್ನ ಪೈಪು ಎಳೆದು ನೀರು ಬಿಡು. ಸಾವಿರ ಅಡಿ ಕೊರೆದರೂ ನೀರು ಸಿಗುತ್ತದೋ ಇಲ್ಲವೋ ಅನ್ನುವ ನಮ್ಮ ನೆಲದಲ್ಲಿ ಅದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಹೇಳಲಿ?

ಸಭೆಯ ಕಮಿಟಿ ಚುನಾವಣೆಗೆ ನಿಲ್ಲುವುದು ಈ ವರ್ಷ ಬೇಡ ಅನ್ನಿಸುತ್ತದೆ. ಜನ ಹಿಡಿದು ಅರಸನನ್ನಾಗಿ ಮಾಡಲು ಬಂದಾಗ ಯೇಸು ಒಬ್ಬನೇ ಬೆಟ್ಟಕ್ಕೆ ಹೋದನು. ನಿನಗೆ ಈಗ ಬೇಕಾಗಿರುವುದೂ ಆ ಏಕಾಂತವೇ. ಕಪೆರ್ನೌಮಿನಲ್ಲಿ ಊರಿಗೆ ಊರೇ ಬಾಗಿಲಲ್ಲಿ ನೆರೆದ ರಾತ್ರಿ ಕಳೆದು, ಇನ್ನೂ ಮೊಬ್ಬಿರುವಾಗ ಆತನು ಎದ್ದು ಪ್ರಾರ್ಥನೆಗೆ ಹೋದನು ಅಂತ ಮಾರ್ಕನು ಬರೆಯುತ್ತಾನೆ. ದಣಿದ ದೇಹವೇ ಅದು, ನಮ್ಮಂಥದ್ದೇ. ತ್ರೀ ಫೇಸ್ ಕರೆಂಟಿಗೆ ಹೇಗೂ ನಸುಕಿನಲ್ಲಿ ಏಳುತ್ತೀಯ. ಮೋಟರ್ ಆನ್ ಮಾಡಿ ಫೋನ್ ನೋಡುತ್ತಾ ಕೂರುವ ಬದಲು ಆ ಹೊತ್ತನ್ನು ಆತನಿಗೆ ಕೊಡು. ಪರ್ವತ ಪ್ರಸಂಗದ ಮೂರು ಅಧ್ಯಾಯಗಳನ್ನೇ ತಿರುಗಿ ತಿರುಗಿ ಓದು, ಮತ್ತಾಯ 5ರಿಂದ 7. ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ಮೇಲೆ ಬರೆದ ಒಂದೊಂದನ್ನೂ ನಿನ್ನ ಸ್ವಂತ ಬಲದಿಂದ ಮಾಡಹೊರಟರೆ ಎರಡು ತಿಂಗಳಿಗೆ ಸಿಡುಕು ಬರುತ್ತದೆ, ಇಲ್ಲವೇ ಹೆಮ್ಮೆ ಬರುತ್ತದೆ. ಕಟಿಂಗ್ ಆದಾಗ ಕತ್ತರಿಸಿ ಬಿಸಾಡಿದ ಕೊಂಬೆಯಲ್ಲಿ ಎಂದಾದರೂ ಗೊಂಚಲು ಬಿಟ್ಟಿದ್ದು ಕಂಡಿದ್ದೀಯಾ? ನನ್ನನ್ನು ಬಿಟ್ಟು ನೀವು ಏನೂ ಮಾಡಲಾರಿರಿ ಅಂತ ಕರ್ತನು ಅದನ್ನೇ ತೋರಿಸಿ ಹೇಳಿದನು. ಆತನಲ್ಲಿ ನೆಲೆಗೊಂಡಿದ್ದರೆ ಫಲ ಬಂದೇ ಬರುತ್ತದೆ, ಅದು ಆತನ ಮಾತು.

ಕೊನೆಗೆ, ಅಪ್ಪನ ಲೆಕ್ಕದ ಪುಸ್ತಕ. ಅದರಲ್ಲಿ ಕೆಲವರ ಹೆಸರ ಮುಂದೆ “ಬಾಕಿ” ಅಂತ ಇದೆ, ಅವರಲ್ಲಿ ಕೆಲವರು ಕೆಲಸ ಬಿಟ್ಟು ಹೋಗಿದ್ದಾರೆ, ಏನು ಮಾಡಲಿ ಅಂದೆಯಲ್ಲ. ಯೆರಿಕೋವಿನ ಸುಂಕ ವಸೂಲಿಯವನಾದ ಜಕ್ಕಾಯನ ಮನೆಗೆ ಯೇಸು ಹೋದಾಗ ದುಡ್ಡಿನ ಮಾತನ್ನು ಎತ್ತಿದ್ದು ಯೇಸುವಲ್ಲ, ಜಕ್ಕಾಯನೇ ಎದ್ದು ನಿಂತು ಅನ್ಯಾಯವಾಗಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಕೊಡುತ್ತೇನೆ ಅಂದನು. ಅಪ್ಪ ಮೋಸ ಮಾಡುವವರಲ್ಲ, ಆಸ್ಪತ್ರೆಗೆ ಅಲೆಯುವುದರಲ್ಲಿ ಉಳಿದುಹೋದ ಬಾಕಿ ಅದು, ನನಗೆ ಗೊತ್ತು. ಆದರೂ ಬಾಕಿ ಬಾಕಿಯೇ. ಈ ಶನಿವಾರ ಬಟವಾಡೆಯ ಹೊತ್ತಿಗೆ ನಾನು ತೋಟಕ್ಕೆ ಬರುತ್ತೇನೆ. ಆ ಪುಸ್ತಕ ತೆಗೆದಿಟ್ಟಿರು, ಇಬ್ಬರೂ ಕೂತು ಹೆಸರು ಬರೆದುಕೊಳ್ಳೋಣ. ಅದರಲ್ಲಿ ಅರ್ಧ ಜನರ ಮನೆ ನನ್ನ ಅಮ್ಮನಿಗೆ ಗೊತ್ತು, ಗೊತ್ತಿಲ್ಲದವರನ್ನು ಮೇಸ್ತ್ರಿಯನ್ನು ಕೇಳೋಣ. ಭಾನುವಾರ ಆರಾಧನೆ ಮುಗಿಸಿ ನನ್ನ ಬೈಕಿನಲ್ಲೇ ಒಂದೊಂದು ಮನೆಗೂ ಹೋಗಿ ಕೊಟ್ಟು ಬರೋಣ. ದುಡ್ಡು ಸಾಲದಿದ್ದರೆ ಮೊದಲೇ ಹೇಳು, ನನ್ನ ಹತ್ತಿರ ಸ್ವಲ್ಪ ಇದೆ.

ನಿನ್ನ ಅಮ್ಮನಿಗೆ ನನ್ನ ವಂದನೆ ತಿಳಿಸು. ಅವರ ಮಂಡಿನೋವು ಹೇಗಿದೆ ಅಂತ ಬರೆ.

ಕರ್ತನಲ್ಲಿ ನಿನ್ನ,
ಗೆಳೆಯ
ಚಿಕ್ಕಬಳ್ಳಾಪುರ